ಮದುಮಗನ ತಲೆಯ ಅಳತೆ

ಮಣ್ಣಗುಡ್ಡದ ಗುರುವಪ್ಪ ಯಾರನ್ನು ಕಂಡರೂ ಮೊದಲು ನೋಡುವುದು ಮುಖವನ್ನಲ್ಲ, ಮುಖಕ್ಕಿಂತ ನಾಲ್ಕು ಬೆರಳು ಮೇಲೆ. ಸಿಟಿ ಬಸ್ಸಿನಲ್ಲಿ ಎದುರು ಕೂತವರಿಗೆ ಇದರಿಂದ ಇರುಸುಮುರುಸು. ಒಮ್ಮೆ ಬ್ಯಾಂಕಿನ ಮ್ಯಾನೇಜರ್ ಒಬ್ಬರು ಕೂದಲಿಗೆ ಏನೋ ಅಂಟಿಕೊಂಡಿದೆ ಎಂದು ಎರಡು ಸಲ ಕೈಯಾಡಿಸಿಕೊಂಡರು. "ಎಂತ ಇಲ್ಲ ಸಾರ್, ನಿಮ್ಮದು ಇಪ್ಪತ್ತೆರಡೂವರೆ" ಎಂದು ಗುರುವಪ್ಪ ಸಮಾಧಾನ ಹೇಳಿದ. ಇಪ್ಪತ್ತೆರಡೂವರೆ ಎಂದರೇನೆಂದು ಕೇಳುವ ಧೈರ್ಯ ಅವರಿಗೆ ಬರಲಿಲ್ಲ.

ಅದು ಇಂಚಿನ ಲೆಕ್ಕ. ಗುರುವಪ್ಪನದ್ದು ತಲೆಯ ಮೇಲಿನ ವ್ಯಾಪಾರ. ಮನೆಯ ಜಗಲಿಯನ್ನೇ ಅಂಗಡಿ ಮಾಡಿಕೊಂಡು ನಲವತ್ತು ವರ್ಷದಿಂದ ಟೊಪ್ಪಿ, ಕಿರೀಟ, ಮುಂಡಾಸು ಹೊಲಿದು ಮಾರುವುದು, ಬಾಡಿಗೆಗೆ ಕೊಡುವುದು. ಶಾಲೆಯ ವಾರ್ಷಿಕೋತ್ಸವ ಬಂತೆಂದರೆ ಪೊಲೀಸ್ ಟೊಪ್ಪಿಗೂ ಕೃಷ್ಣನ ಕಿರೀಟಕ್ಕೂ ತಾಯಂದಿರು ಸಾಲು ನಿಲ್ಲುತ್ತಾರೆ. ಈಗೀಗ ಎಲ್ಲಕ್ಕಿಂತ ಹೆಚ್ಚು ಓಡುವುದು ಕೌಬಾಯ್ ಟೊಪ್ಪಿ. ಮದುವೆಯ ಮುಂಚಿನ ಮೆಹಂದಿಯಲ್ಲಿ ಡೀಜೆ ಹಾಕಿ ಕುಣಿಯುವ ಹುಡುಗರಿಗೆ ಅದೇ ಬೇಕು. ಅಮೆರಿಕದ ದನ ಕಾಯುವವರ ಟೊಪ್ಪಿ ನಮ್ಮ ಹುಡುಗರ ತಲೆಗೆ ಬಂತು; ನಮ್ಮ ಊರಿನ ದನ ಕಾಯುವವರು ಹಾಕುತ್ತಿದ್ದ ಮುಟ್ಟಾಳೆ, ಅದೇ ಅಡಿಕೆ ಹಾಳೆಯ ಟೊಪ್ಪಿ, ವೇದಿಕೆಯ ಮೇಲೆ ದೊಡ್ಡ ಮನುಷ್ಯರ ತಲೆಗೆ ಹೋಯಿತು. ಅವರು ಅದನ್ನು ಫೋಟೋ ತೆಗೆಯುವಷ್ಟು ಹೊತ್ತು ಇಟ್ಟುಕೊಂಡು ಕುರ್ಚಿಯ ಮೇಲೆಯೇ ಬಿಟ್ಟು ಹೋಗುತ್ತಾರೆ. ಗುರುವಪ್ಪನಿಗೆ ಇದರಲ್ಲಿ ಸಿಟ್ಟೇನೂ ಇಲ್ಲ. ಎರಡನ್ನೂ ಒಂದೇ ಗೂಟಕ್ಕೆ ನೇತುಹಾಕುತ್ತಾನೆ.

ಅವನ ನಿಜವಾದ ಕಸುಬು ಮುಂಡಾಸು. ಭೂತದ ನೇಮದ ದಿನ ಗುತ್ತಿನ ಮನೆತನದ ಯಜಮಾನರು ಇಡುವಂಥದ್ದು, ಮದುವೆಯಲ್ಲಿ ಮದುಮಗ ಇಡುವಂಥದ್ದು. ಬಿಳಿ ಬಟ್ಟೆ, ಜರಿಯ ಅಂಚು, ಒಂದರ ಮೇಲೊಂದು ಕೂತ ಮಡಿಕೆ. ಸೋದರಮಾವನಿಂದ ಕಲಿತ ವಿದ್ಯೆ. ಬಲಗೈಯನ್ನು ಅಗಲಿಸಿ ಗಿರಾಕಿಯ ತಲೆಯ ಮೇಲೆ ಇಡುತ್ತಾನೆ. ಹೆಬ್ಬೆರಳು ಒಂದು ಕಣತಲೆಯ ಮೇಲೆ, ಕಿರುಬೆರಳು ಇನ್ನೊಂದು ಕಡೆ. ಅಷ್ಟರಲ್ಲಿ ಅಳತೆ ಗೊತ್ತಾಯಿತು. ಆಮೇಲೆ ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. "ಊರಿಗೆಲ್ಲ ಟೊಪ್ಪಿ ಹಾಕುವವ ನೀನೊಬ್ಬನೇ ಮಾರಾಯ, ಆದರೂ ಪೊಲೀಸರು ಹಿಡಿಯುವುದಿಲ್ಲ" ಎಂದು ಗೆಳೆಯರು ತಮಾಷೆ ಮಾಡಿದರೆ ಅವನೂ ನಗುತ್ತಾನೆ.

ಆದರೆ ಒಂದು ತಲೆಯನ್ನು ಅವನು ಮುಟ್ಟಿದವನಲ್ಲ. ಸ್ವಂತ ಮಗಳು ನಿರೀಕ್ಷಾಳದ್ದು. ಒಂದನೇ ಕ್ಲಾಸಿನಲ್ಲಿ ಅವಳು ಅಬ್ಬಕ್ಕ ರಾಣಿಯಾದಾಗ ಕಣ್ಣಂದಾಜಿನಲ್ಲೇ ಕಿರೀಟ ಮಾಡಿ ಕೊಟ್ಟ. ಅದು ಸ್ಟೇಜಿನ ಮೇಲೆ ಮೂಗಿನವರೆಗೆ ಇಳಿಯಿತು. ಮಕ್ಕಳೆಲ್ಲ ನಕ್ಕರು, ರಾಣಿ ಅತ್ತುಕೊಂಡು ಇಳಿದಳು. ಟೊಪ್ಪಿಯವನ ಮಗಳಿಗೆ ಟೊಪ್ಪಿ ಆಗಲಿಲ್ಲ ಎಂದು ಬೀದಿಯಲ್ಲಿ ಒಂದು ವಾರ ಅದೇ ಮಾತು. ಯಾಕೆ ಹಾಗಾಯಿತು ಎಂದು ಅವನು ಯಾರಿಗೂ ಹೇಳಲಿಲ್ಲ.

ಆ ನಿರೀಕ್ಷಾಳಿಗೆ ಈಗ ಇಪ್ಪತ್ತೊಂಬತ್ತು. ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸ. ಕೂಡಿಬಂದ ಮದುವೆ ಮೂರು ಸಲ ಮುರಿಯಿತು. ಎರಡನೆಯದರಲ್ಲಿ ಹುಡುಗನಿಗೆ ದುಬೈಯಲ್ಲಿ ಆಗಲೇ ಒಂದು ಸಂಸಾರ ಇತ್ತೆಂದು ತಿಳಿದಾಗ, ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎಂದು ಎಲ್ಲರೂ ಉಸಿರುಬಿಟ್ಟರು. ಮೂರನೆಯದು ಯಾವ ಕಾರಣವೂ ಇಲ್ಲದೆ ಮುರಿಯಿತು. ಆಗ ಗುರುವಪ್ಪನ ಹೆಂಡತಿ ನಳಿನಾಕ್ಷಿ ಹಟ ಹಿಡಿದು ಜೋಯಿಸರಲ್ಲಿ ಪ್ರಶ್ನೆ ಇಡಿಸಿದಳು.

ಜೋಯಿಸರು ಕವಡೆ ಮಗುಚಿ, ತಲೆಯೆತ್ತದೆ ಹೇಳಿದರು. "ನಿಮ್ಮಲ್ಲಿ ಒಂದು ಗಂಡು ಕುಲೆ ಉಂಟು. ಸಣ್ಣದರಲ್ಲಿ ಹೋದದ್ದು. ಈಗ ಪ್ರಾಯಕ್ಕೆ ಬಂದಿದೆ. ತನ್ನದು ಆಗದೆ ತಂಗಿಯದ್ದು ಹೇಗೆ ಆಗುವುದು ಅಂತ ಕೇಳ್ತಾ ಉಂಟು."

ಕುಲೆ ಎಂದರೆ ತೀರಿಹೋದವರ ಜೀವ. ನಮ್ಮ ತುಳುನಾಡಿನಲ್ಲಿ ಸತ್ತ ಮಕ್ಕಳು ಸತ್ತ ವಯಸ್ಸಿನಲ್ಲೇ ನಿಲ್ಲುವುದಿಲ್ಲ. ಅವರೂ ವರ್ಷವರ್ಷ ಬೆಳೆಯುತ್ತಾರೆ, ಮೀಸೆ ಬರುತ್ತದೆ, ಮದುವೆಯ ಪ್ರಾಯ ಆಗುತ್ತದೆ. ಆಗ ಅಂಥದೇ ಇನ್ನೊಂದು ಮನೆಯ, ಸಣ್ಣದರಲ್ಲಿ ತೀರಿಹೋದ ಹೆಣ್ಣು ಹುಡುಕಿ, ಬಳಿ, ಅಂದರೆ ಗೋತ್ರದಂಥ ಕುಲ, ಬೇರೆಯೆಂದು ನೋಡಿ, ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡುತ್ತಾರೆ. ಕುಲೆ ಮದುವೆ. ಘಟ್ಟದ ಮೇಲಿನವರು ಕೇಳಿ ನಕ್ಕರೆ ನಗಲಿ. ಮಗುವನ್ನು ಮಣ್ಣಿಗೆ ಕೊಟ್ಟ ತಾಯಿ ಎಲ್ಲಿಯವಳಾದರೂ ನಗುವುದಿಲ್ಲ.

ಗುರುವಪ್ಪ, ನಳಿನಾಕ್ಷಿಯ ಆ ಮೊದಲ ಮಗ ದೀಪೇಶ್. ತೊಂಬತ್ತನಾಲ್ಕರ ಶಿವರಾತ್ರಿ ಕಳೆದು ನಾಲ್ಕನೇ ದಿನ ಹೋದಾಗ ಅವನಿಗೆ ಒಂದೂಮುಕ್ಕಾಲು ವರ್ಷ. ಇದ್ದಿದ್ದರೆ ಈಗ ಮೂವತ್ತೆರಡು.

ಹುಡುಗಿ ಸಿಕ್ಕಿದ್ದು ಕೂಳೂರಿನಲ್ಲಿ. ಪಣಂಬೂರು ಬಂದರಿನಲ್ಲಿ ಕ್ರೇನ್ ಓಡಿಸಿ ರಿಟೈರ್ ಆದ ಲೀಲಾಧರ ಎಂಬವರ ಮಗಳು ಜ್ಯೋತ್ಸ್ನಾ, ಆರು ವರ್ಷಕ್ಕೆ ಕಾಮಾಲೆಯಲ್ಲಿ ತೀರಿದವಳು. ಮಾತುಕತೆಗೆ ಎರಡೂ ಕಡೆಯವರು ಕೂತು, ಜೀವಂತ ಮಕ್ಕಳ ಮದುವೆಯ ಹಾಗೆಯೇ ಹುಡುಗ ಯಾರ ಹಾಗೆ, ಹುಡುಗಿ ಬಿಳಿಯೋ ಕಪ್ಪೋ ಎಂದು ವಿಚಾರಿಸಿದರು. "ನಮ್ಮವಳಿಗೆ ಸ್ವಲ್ಪ ಹಟ ಜಾಸ್ತಿ, ಸುಧಾರಿಸಿಕೊಳ್ಳಬೇಕು" ಎಂದರು ಲೀಲಾಧರ. "ನಮ್ಮವ ಪಾಪದವ" ಎಂದಳು ನಳಿನಾಕ್ಷಿ. ಆಟಿಯ ಒಂದು ಭಾನುವಾರ ಸಂಜೆ ಗುರುವಪ್ಪನ ಅಂಗಳದಲ್ಲಿ ಎಂದು ನಿಶ್ಚಯವಾಯಿತು. ಹುಡುಗಿಗೆ ಸೀರೆ, ಕರಿಮಣಿ ಇವರು ತರುವುದು. ಹುಡುಗನಿಗೆ ಪಂಚೆ, ಶಲ್ಯ ಅವರು ತರುವುದು. ಮುಂಡಾಸಿನ ಮಾತೇ ಬರಲಿಲ್ಲ. ಅದು ಯಾರ ಕೆಲಸವೆಂದು ಎಲ್ಲರಿಗೂ ಗೊತ್ತಿತ್ತು.

"ಇಷ್ಟು ವರ್ಷ ಕಂಡವರ ಮಕ್ಕಳಿಗೆಲ್ಲ ಕಟ್ಟಿದ್ರಿ. ಇದೊಂದು ಚಂದ ಮಾಡಿ ಕಟ್ಟಿ" ಎಂದಳು ನಳಿನಾಕ್ಷಿ.

ಗುರುವಪ್ಪ ಬಟ್ಟೆ ತಂದ. ಅಂಚಿನ ಜರಿ ತಂದ. ಮಡಿಕೆ ಕೂರಿಸುವ ಮರದ ಅಚ್ಚಿನ ಎದುರು ಕೂತ. ಅಲ್ಲಿಂದ ಮುಂದೆ ಕೈ ಹೋಗಲಿಲ್ಲ. ಮೊದಲ ದಿನ ಸೂಜಿ ಸರಿಯಿಲ್ಲ ಎಂದ. ಎರಡನೇ ದಿನ ಬೆಳಕು ಸಾಲದು ಎಂದ. ಕುಣಿಯಲು ಬಾರದವಳು ಅಂಗಳ ಡೊಂಕು ಎಂದ ಹಾಗೆ. ಅಳತೆ ಎಷ್ಟು ಇಡುವುದು ಎನ್ನುವುದೇ ಅವನ ಕಷ್ಟ. ಆ ಕಷ್ಟ ಏನೆಂದು ತಿಳಿಯಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ದೀಪೇಶ ಹೊಟ್ಟೆಯಲ್ಲಿದ್ದಾಗಲೇ ಗುರುವಪ್ಪ ಕೆಂಪು ಪಟ್ಟಿಯ ಕುಲಾವಿ ಹೊಲಿದಿಟ್ಟಿದ್ದ. "ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದನಂತೆ, ನಿನಗೆ ಬುದ್ಧಿ ಉಂಟಾ?" ಎಂದು ತಾಯಿ ದೇಯಿ ಬೈದರು. ಅವನು ಕೇಳಲಿಲ್ಲ. ಮಗನ ಮೊದಲ ಹುಟ್ಟುಹಬ್ಬಕ್ಕೆ ಇನ್ನೊಂದು ಹೊಸದು ಹೊಲಿದ. ಹದಿನೆಂಟು ಇಂಚು, ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟ. ಬೆಳೆಯುವ ಮಗು, ಎರಡು ವರ್ಷವಾದರೂ ಬರಲಿ ಎಂದು.

ಚೌತಿಯ ದಿನ ಆ ಕುಲಾವಿ ಬಿಗಿಯಾಯಿತು. ಒಗೆದು ಒಗೆದು ಬಟ್ಟೆ ಎಳೆದುಕೊಂಡಿದೆ ಎಂದುಕೊಂಡು ಒಂದು ಬೆರಳು ಬಿಚ್ಚಿದ. ನವರಾತ್ರಿಗೆ ಮತ್ತೆ ಬಿಗಿಯಾಯಿತು. ಉಳಿದದ್ದನ್ನೂ ಬಿಚ್ಚಿ, ಸಾಲದೆ ಹಿಂದೆ ಒಂದು ತುಂಡು ಸೇರಿಸಿದ. ಬಟ್ಟೆ ಎಳೆದುಕೊಂಡದ್ದಲ್ಲ ಎಂದು ಅವನ ಬೆರಳಿಗೆ ಅವತ್ತೇ ತಿಳಿದಿತ್ತು. ದಿನವೂ ನೋಡುವ ತಾಯಿಗೆ ಮಗುವಿನ ತಲೆ ದಿನಕ್ಕೆ ಒಂದು ಕೂದಲೆಳೆಯಷ್ಟು ಬೆಳೆದರೆ ಕಾಣುವುದಿಲ್ಲ. ಗುರುವಪ್ಪನ ಕೈಗೆ ಕಂಡಿತು. ಕಂಡು ಅವನು ಮಾಡಿದ್ದೇನು? ಹೆಮ್ಮೆಪಟ್ಟ. ಅಂಗಡಿಗೆ ಬಂದವರಿಗೆಲ್ಲ ಮಗನನ್ನು ಎತ್ತಿ ತೋರಿಸಿ, "ಮಂಡೆ ನೋಡಿ ಮಾರಾಯ್ರೇ, ಇವನಿಗೆ ಮುಂಡಾಸಿನ ಯೋಗ ಉಂಟು" ಎಂದ. ಬೇರೆ ಯಾವ ಅಪ್ಪನಾದರೂ ಒಮ್ಮೆ ಹೆದರುತ್ತಿದ್ದನೇನೋ. ತಲೆ ದೊಡ್ಡದಾದಷ್ಟೂ ಮುಂಡಾಸು ಶೋಭಿಸುತ್ತದೆ ಎಂದು ನಂಬಿದ ಕಸುಬಿನವನು ಹೆದರಲಿಲ್ಲ.

ದೀಪಾವಳಿಯ ಎಣ್ಣೆಸ್ನಾನದ ದಿನ ಮಗು ನಳಿನಾಕ್ಷಿಯ ಕೈಯಿಂದ ಜಾರಿತು. ಮೈತುಂಬ ಎಣ್ಣೆ, ಒದ್ದಾಡುವ ಮಗು, ಬಚ್ಚಲಿನ ಕಲ್ಲು. ತಲೆಯ ಹಿಂದೆ ಒಂದು ಸಣ್ಣ ಬೋರೆ ಎದ್ದಿತು, ಎರಡು ದಿನದಲ್ಲಿ ಇಳಿಯಿತು. ಆದರೆ ವಾರ ಕಳೆಯುವುದರೊಳಗೆ ಮಗು ವಾಂತಿ ಮಾಡತೊಡಗಿತು. ಕಣ್ಣಿನ ಗುಡ್ಡೆ ಕೆಳಗಿಳಿದು ಬಿಳಿ ಮಾತ್ರ ಮೇಲೆ ಕಾಣುತ್ತಿತ್ತು. ಆಸ್ಪತ್ರೆಗೆ ಹಾಕಿದರು. ತಲೆಯೊಳಗೆ ನೀರು ತುಂಬಿದೆ ಎಂದರು. ಆಪರೇಷನ್ ಮಾಡಿದರು, ಮತ್ತೆ ಜ್ವರ ಬಂತು. ಕೊನೆಯ ವಾರ ವಾರ್ಡಿನ ಸಿಸ್ಟರ್ ವಿನಿಫ್ರೆಡ್ ಮಗುವಿನ ತಲೆಗೆ ಟೇಪು ಹಿಡಿದು ಚೀಟಿಯಲ್ಲಿ ಬರೆದದ್ದನ್ನು ಗುರುವಪ್ಪ ನೋಡಿದ. ಇಪ್ಪತ್ತೆರಡು ಇಂಚು. ಪೂರ್ತಿ ಬೆಳೆದ ಗಂಡಸಿನ ಅಳತೆ.

ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದು ಹೇಳಿದ್ದರು. "ಬಿದ್ದದ್ದರಿಂದ ಆದದ್ದಲ್ಲ ಇದು. ಬೀಳುವ ಮೊದಲೇ ತಿಂಗಳುಗಟ್ಟಲೆಯಿಂದ ಇತ್ತು. ತಲೆ ದೊಡ್ಡದಾಗುವುದು ನಿಮ್ಮ ಗಮನಕ್ಕೆ ಬರಲಿಲ್ಲವಾ?"

"ಇಲ್ಲ" ಎಂದ ಗುರುವಪ್ಪ.

ಅಷ್ಟು ಹೇಳಿ ಅವನು ಮೆಟ್ಟಿಲಿಳಿದು ಬಂದ. ಕೆಳಗೆ ದೇಯಿ ಆಗಲೇ ನೆಂಟರಿಗೆ ಹೇಳುತ್ತಿದ್ದರು: "ಇವಳು ಬೀಳಿಸಿದ್ದು. ಎಣ್ಣೆ ಕೈಯಲ್ಲಿ ಮಗುವನ್ನು ಹಿಡಿಯಲಿಕ್ಕೆ ಬರುವುದಿಲ್ಲ." ನಳಿನಾಕ್ಷಿ ಗೋಡೆಗೆ ತಲೆಕೊಟ್ಟು ಕೂತಿದ್ದಳು. ಗುರುವಪ್ಪ ಆಗ ಒಂದು ಮಾತು ಆಡಬೇಕಿತ್ತು. ಡಾಕ್ಟರು ಹೀಗೆಂದರು ಎಂದರೆ ಸಾಕಿತ್ತು. ಹಾಗೆಂದರೆ ಮುಂದಿನ ಪ್ರಶ್ನೆ ಅವನದ್ದಾಗುತ್ತಿತ್ತು: ಕುಲಾವಿ ಬಿಚ್ಚಿದವ ನೀನಲ್ಲವಾ, ನಿನಗೆ ತಿಳಿಯಲಿಲ್ಲವಾ? ಅವನು ಸುಮ್ಮನಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡ. ಆ ಕುಲಾವಿ ಮಗುವಿನ ಜೊತೆಗೇ ಮಣ್ಣಿಗೆ ಹೋಯಿತು, ನಾಳೆ ಬರಲಿಲ್ಲ.

ದೇಯಿ ಆಮೇಲೆ ಹತ್ತೊಂಬತ್ತು ವರ್ಷ ಬದುಕಿದರು. ಹೋದವರಲ್ಲಿ ಬಂದವರಲ್ಲಿ ಎಣ್ಣೆ ಕೈಯ ಕತೆ ಹೇಳಿಯೇ ಹೇಳಿದರು. ನಿರೀಕ್ಷಾ ಹುಟ್ಟಿದಾಗ ಮಗುವನ್ನು ಮೀಯಿಸಲು ನಳಿನಾಕ್ಷಿಗೆ ಕೊಡಲಿಲ್ಲ. ಅವಳೂ ಕೇಳಲಿಲ್ಲ. ದೀಪಾವಳಿಯ ಬೆಳಿಗ್ಗೆ ಬಚ್ಚಲಲ್ಲಿ ಮಗಳ ನಗು ಕೇಳಿದರೆ ಅವಳು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಹೀಗೆ ಆ ಹೆಣ್ಣುಮಗು ತಾಯಿ ಮೀಯಿಸದೆ, ಅಪ್ಪ ತಲೆ ಮುಟ್ಟದೆ ಬೆಳೆಯಿತು. ಮುಟ್ಟಿದರೆ ಬೆರಳು ಇನ್ನೇನು ಹೇಳುವುದೋ ಎಂದು ಅವನಿಗೆ ಭಯ. ನನಗೆ ಕೇಳಿದರೆ, ಹೇಡಿತನ ಎನ್ನುವುದು ದೊಡ್ಡ ಸುಳ್ಳು ಹೇಳುವುದರಲ್ಲಿ ಇಲ್ಲ, ಸಣ್ಣ ಸತ್ಯವನ್ನು ನಾಳೆಗೆ ಇಡುವುದರಲ್ಲಿ ಉಂಟು. ಗುರುವಪ್ಪ ಕೆಟ್ಟವನಲ್ಲ. ಆದರೆ ಊರಿಗೆಲ್ಲ ಟೊಪ್ಪಿ ಹಾಕುವವ ಎಂದು ಗೆಳೆಯರು ತಮಾಷೆಗೆ ಹೇಳಿದ್ದನ್ನು ಅವನು ಮನೆಯೊಳಗೆ ನಿಜ ಮಾಡಿದ್ದ.

ಈಗ ಮುಂಡಾಸು. ಮೂವತ್ತೆರಡು ವರ್ಷದ ಗಂಡಸಿಗೆ ಕಣ್ಣುಮುಚ್ಚಿ ಇಪ್ಪತ್ತೆರಡು ಇಡಬಹುದು, ಯಾರಿಗೂ ತಪ್ಪೆನಿಸದು. ಆದರೆ ಅವನ ಕೈಗೆ ಇಪ್ಪತ್ತೆರಡು ಎಂದರೆ ಆಸ್ಪತ್ರೆಯ ಮಂಚದ ಮೇಲಿನ ತಲೆ. ಚರ್ಮ ತೆಳ್ಳಗಾಗಿ ನರ ಕಾಣುತ್ತಿದ್ದ ತಲೆ. ಮಗ ಅಲ್ಲಿ ಗುಣವಾಗಿ ಬೆಳೆದಿದ್ದಾನೋ, ಆ ರೋಗದ ತಲೆಯನ್ನೇ ಹೊತ್ತು ಬೆಳೆದಿದ್ದಾನೋ? ಕೇಳುವುದು ಯಾರನ್ನು?

ಮದುವೆಗೆ ಒಂಬತ್ತು ದಿನ ಇರುವಾಗ ಲೀಲಾಧರ ಅಂಗಡಿಗೆ ಬಂದರು. ಪಂಚೆಯ ಅಂಚು ಯಾವ ಬಣ್ಣದ್ದು ಬೇಕು ಎಂದು ಕೇಳಲು ಬಂದದ್ದು. ಗೂಟದಲ್ಲಿದ್ದ ಕೌಬಾಯ್ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತ, "ನಮ್ಮ ಬಂದರಿಗೆ ಬರುವ ಹಡಗಿನವರು ಕೆಲವರು ಇಂಥದ್ದು ಹಾಕ್ತಿದ್ರು ಗುರುವಪ್ಪಣ್ಣ" ಎಂದರು. ಗುರುವಪ್ಪ ಮರದ ಅಚ್ಚನ್ನು ಪಕ್ಕಕ್ಕೆ ಸರಿಸಿದ.

"ಲೀಲಾಧರಣ್ಣ, ಒಂದು ಕೇಳ್ತೇನೆ. ಹುಡುಗಿಗೆ ಬಳೆ ಯಾವ ಅಳತೆಯದ್ದು ತಗೊಂಡ್ರಿ?"

ಲೀಲಾಧರ ಟೊಪ್ಪಿಯನ್ನು ಗೂಟಕ್ಕೆ ಸಿಕ್ಕಿಸಿದರು. "ಅಂಗಡಿಯಲ್ಲಿ ನಾನು ಬೆಪ್ಪನ ಹಾಗೆ ನಿಂತೆ. ಆರು ವರ್ಷದ ಕೈ ಮಾತ್ರ ಗೊತ್ತುಂಟು ನನಗೆ. ನನ್ನ ಹೆಂಡತಿ ಅವಳದ್ದೇ ಕೈ ತೋರಿಸಿ, ಇದೇ ಅಳತೆ ಕೊಡಿ, ಮಗಳಿಗೆ ನನ್ನದೇ ಕೈ ಅಂದಳು. ಹೆಂಗಸರಿಗೆ ಗೊತ್ತಾಗ್ತದೆ. ನೀವೂ ನಳಿನಾಕ್ಷಿಯವರನ್ನೇ ಕೇಳಿ."

ಹೇಳುವವರು ಸುಲಭವಾಗಿ ಹೇಳಿ ಹೋದರು. ಗುರುವಪ್ಪ ಮರುದಿನ ಮಧ್ಯಾಹ್ನ ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ನಿಂತ. ನಳಿನಾಕ್ಷಿ ಪತ್ರೊಡೆಗೆಂದು ಕೆಸುವಿನ ಎಲೆಗೆ ಹಿಟ್ಟು ಸವರುತ್ತಿದ್ದಳು.

"ಮುಂಡಾಸು ಆಯ್ತಾ?" ಎಂದಳು.

"ಅಳತೆ ಗೊತ್ತಾಗುವುದಿಲ್ಲ."

"ನಿಮಗೆ ಗೊತ್ತಾಗದ ಅಳತೆ ಉಂಟಾ? ಎಷ್ಟಾದರೂ ಇಡಿ, ಅವನು ಬೇಡ ಅನ್ನುವುದಿಲ್ಲ. ಪಾಪ, ನಾನು ಬೀಳಿಸದಿದ್ದರೆ ಇವತ್ತು ಕೂತು ಅಳತೆ ಕೊಡ್ತಿದ್ದ."

ಅವಳು ಅದನ್ನು ಅಳುತ್ತ ಹೇಳಲಿಲ್ಲ. ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ, ಕೈಯಲ್ಲಿದ್ದ ಎಲೆಯನ್ನು ಸುರುಳಿ ಸುತ್ತುತ್ತ ಹೇಳಿದಳು. ಮೂವತ್ತು ವರ್ಷ ಹೇಳಿ ಹೇಳಿ ಆ ಮಾತಿನ ಚೂಪು ಅವಳಿಗೇ ಸವೆದುಹೋಗಿತ್ತು. ಗುರುವಪ್ಪನಿಗೆ ಮಾತ್ರ ಅದು ಎದೆಗೆ ನಾಟಿತು. ಅವನು ಹೊಸ್ತಿಲಲ್ಲೇ ಕೂತ. ಚೌತಿಗೆ ಒಂದು ಬೆರಳು ಬಿಚ್ಚಿದ್ದು, ನವರಾತ್ರಿಗೆ ತುಂಡು ಸೇರಿಸಿದ್ದು, ಡಾಕ್ಟರು ಹೇಳಿದ್ದು, ತಾನು ಇಲ್ಲ ಎಂದದ್ದು, ಎಲ್ಲ ಹೇಳಿದ. ಕೊನೆಗೆ, "ನಿನ್ನ ಕೈ ಜಾರಿದ್ದಕ್ಕೂ ಅವನು ಹೋದದ್ದಕ್ಕೂ ಸಂಬಂಧ ಇಲ್ಲ. ದೀಪಾವಳಿಗೆ ಮೊದಲೇ ನನಗೆ ಗೊತ್ತಿತ್ತು ನಳಿನಾ" ಎಂದ.

ನಳಿನಾಕ್ಷಿ ಕೈಯಲ್ಲಿದ್ದ ಎಲೆಯನ್ನು ಸುತ್ತಿ ಮುಗಿಸಿದಳು. ಅದನ್ನು ಪಾತ್ರೆಯಲ್ಲಿಟ್ಟಳು. ಇನ್ನೊಂದು ಎಲೆ ತೆಗೆದುಕೊಂಡಳು, ಹಿಟ್ಟು ಸವರಲು ಹೋಗಿ ನಿಲ್ಲಿಸಿದಳು.

"ಅತ್ತೆಗೆ ಗೊತ್ತಿತ್ತಾ?"

"ಇಲ್ಲ. ಯಾರಿಗೂ ಇಲ್ಲ."

"ಅವರು ಸಾಯುವ ವಾರ ನಾನು ಅವರಿಗೆ ಗಂಜಿ ಕುಡಿಸ್ತಾ ಇದ್ದೆ. ಆಗಲೂ ನನ್ನ ಕೈ ನೋಡಿ, ಇದೇ ಕೈ ಅಲ್ವಾ ಅಂದರು. ನೀವು ಅಲ್ಲೇ ಇದ್ರಿ. ಬಾಗಿಲ ಹತ್ತಿರ."

"ಇದ್ದೆ."

ಅವಳು ಎದ್ದು ಕೈ ತೊಳೆದಳು. ತುಂಬ ಹೊತ್ತು ತೊಳೆದಳು. ಆಮೇಲೆ ಅವನನ್ನು ದಾಟಿ ಒಳಗೆ ಹೋದಳು. ಅವತ್ತು ಪತ್ರೊಡೆ ಬೇಯಲಿಲ್ಲ. ಅವಳು ಬೈದಿದ್ದರೆ, ಪಾತ್ರೆ ಎತ್ತಿ ಎಸೆದಿದ್ದರೆ ಗುರುವಪ್ಪನಿಗೆ ಹಗುರಾಗುತ್ತಿತ್ತು. ನಾಲ್ಕು ದಿನ ಊಟ ಬಡಿಸಿದಳು, ಚಹಾ ಇಟ್ಟಳು, ಒಂದು ಮಾತು ಆಡಲಿಲ್ಲ. ಮದುವೆಯನ್ನು ನಿಲ್ಲಿಸುತ್ತಾಳೋ ಎಂದು ಅವನಿಗೆ ಭಯ. ನಿಲ್ಲಿಸಿದರೆ ಮಗನಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ, ಮಗಳಿಗೂ ಮಾಡಿದ ಹಾಗೆ. ಕೇಳುವ ಮುಖ ಅವನಿಗೆ ಇರಲಿಲ್ಲ.

ಐದನೇ ದಿನ ಸಂಜೆ ನಿರೀಕ್ಷಾ ಆಸ್ಪತ್ರೆಯಿಂದ ಬಂದವಳು ನೇರ ಅಂಗಡಿಗೆ ಬಂದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತಳು. ಕ್ಲಿಪ್ಪು ತೆಗೆದು ಕೂದಲು ಬಿಟ್ಟಳು.

"ಅಳತೆ ತೆಗೀರಿ ಪಪ್ಪ. ಅಮ್ಮ ಹೇಳಿದ್ದು."

"ಯಾರದ್ದು?"

"ನಂದೇ. ಅಣ್ಣನಿಗೂ ನನಗೂ ಒಂದೇ ರಕ್ತ ಅಲ್ವಾ? ಗಂಡಸಿಗೆ ಅಂತ ಅರ್ಧ ಇಂಚು ಜಾಸ್ತಿ ಇಡಬೇಕಂತೆ."

ಅವಳ ದನಿ ಒರಟಾಗಿತ್ತು. ತಾಯಿ ಅವಳಿಗೆ ಎಲ್ಲ ಹೇಳಿದ್ದಾಳೆ ಎಂದು ಅವನಿಗೆ ತಿಳಿಯಿತು. ಇಂಥ ಮದುವೆಗಳನ್ನೆಲ್ಲ ನಂಬುವ ಹುಡುಗಿಯಲ್ಲ ಅವಳು. ಅಮ್ಮನಿಗೆ ಸಮಾಧಾನವಾದರೆ ಆಗಲಿ ಎಂದು ಒಪ್ಪಿದ್ದಳು. ಈಗ ಕಣ್ಣು ಕೆಂಪಾಗಿತ್ತು.

ಗುರುವಪ್ಪ ಟೇಪು ತೆಗೆದ. "ಟೇಪು ಬೇಡ, ಕೈಯಲ್ಲೇ ನೋಡಿ" ಎಂದಳು ಅವಳು. ಅವನು ಬಲಗೈ ಅಗಲಿಸಿದ. ಮಗಳ ತಲೆಯ ಮೇಲೆ ಇಟ್ಟ. ದಟ್ಟ ಕೂದಲು, ಅದರಡಿ ಬೆಚ್ಚಗಿನ ಗಟ್ಟಿ ತಲೆ. ಇಪ್ಪತ್ತೊಂದು ಕಾಲು. ಎಷ್ಟು ಇರಬೇಕೋ ಅಷ್ಟೇ ಇದ್ದ ತಲೆ, ಯಾವ ಕೆಟ್ಟ ಸುದ್ದಿಯೂ ಇಲ್ಲದ ತಲೆ. ಇಪ್ಪತ್ತೊಂಬತ್ತು ವರ್ಷ ಇದನ್ನು ಮುಟ್ಟದೆ ಕಳೆದೆನಲ್ಲ ಎಂದುಕೊಂಡ. ಕೈ ತೆಗೆಯಲು ಮನಸ್ಸು ಬರಲಿಲ್ಲ. ನಿರೀಕ್ಷಾಳೂ ಏಳಲಿಲ್ಲ.

ಅರ್ಧ ಇಂಚು ಸೇರಿಸಿದರೆ ಇಪ್ಪತ್ತೊಂದು ಮುಕ್ಕಾಲು. ಆಸ್ಪತ್ರೆಯ ಚೀಟಿಗಿಂತ ಕಾಲು ಇಂಚು ಕಡಿಮೆ. ಹೆಚ್ಚೆಂದರೆ ಒಂದು ಅಕ್ಕಿಕಾಳಿನ ಉದ್ದ. ಆ ಅಕ್ಕಿಕಾಳಿನಷ್ಟು ಕಡಿಮೆ ಅಳತೆಯಲ್ಲಿ ಗುರುವಪ್ಪನ ಮಗ ಗುಣವಾಗಿ ಎದ್ದು ಕೂತ, ಮೀಸೆ ಬಂದ ಗಂಡಸಾದ. ಎರಡು ದಿನದಲ್ಲಿ ಮುಂಡಾಸು ಮುಗಿಯಿತು. ನಲವತ್ತು ವರ್ಷದಲ್ಲಿ ಅಷ್ಟು ಚಂದದ್ದನ್ನು ಅವನು ಕಟ್ಟಿರಲಿಲ್ಲ. ನಳಿನಾಕ್ಷಿ ಅದನ್ನು ನೋಡಿದಳು, ಮಡಿಕೆಯ ಮೇಲೆ ಒಮ್ಮೆ ಬೆರಳಾಡಿಸಿದಳು, ಒಳಗೆ ತೆಗೆದುಕೊಂಡು ಹೋಗಿ ಹರಿವಾಣದಲ್ಲಿಟ್ಟಳು.

ಭಾನುವಾರ ಮಳೆ ಬಿಡುವು ಕೊಟ್ಟಿತು. ಅಂಗಳಕ್ಕೆ ಟಾರ್ಪಾಲು ಹಾಕಿ ಮಣೆ ಇಟ್ಟಿದ್ದರು. ಹೆಣ್ಣಿನ ಕಡೆಯವರು ಬರುವುದು ಒಂದು ಗಂಟೆ ತಡವಾಯಿತು. ಕೂಳೂರು ಸೇತುವೆಯಲ್ಲಿ ಬ್ಲಾಕ್. "ನಮ್ಮ ಮಗಳ ಹಣೆಯಲ್ಲಿ ಸತ್ತ ಮೇಲೂ ಟ್ರಾಫಿಕ್ ಬರೆದಿತ್ತು" ಎಂದು ಲೀಲಾಧರ ನಗಿಸಲು ನೋಡಿದರು. ಕೆಲವರು ನಕ್ಕರು. ಹೆಣ್ಣಿನ ಮಣೆಯ ಮೇಲೆ ಹಸಿರು ಸೀರೆ, ಬಳೆ, ಮಲ್ಲಿಗೆ. ಗಂಡಿನ ಮಣೆಯ ಮೇಲೆ ಪಂಚೆ, ಶಲ್ಯ. ಮುಂಡಾಸು ಇಡುವ ಮೊದಲು ಮನೆಯಲ್ಲಿ ತೀರಿಹೋದ ಹಿರಿಯರಿಗೆ ಎಲೆ ಬಡಿಸಿ, ಯಜಮಾನ ಅವರಿಗೆ ವಿಷಯ ತಿಳಿಸಬೇಕು. ಅದು ಕ್ರಮ. ಎದುರು ಕೂತವರ ಹತ್ತಿರ ಮಾತಾಡಿದ ಹಾಗೆಯೇ, ಬಾಯಿಬಿಟ್ಟು ಹೇಳಬೇಕು.

ನಡುವಿನ ಎಲೆ ದೇಯಿಯದ್ದು. ಗುರುವಪ್ಪ ಅದರ ಎದುರು ಕೈಮುಗಿದು ನಿಂತ. ನಳಿನಾಕ್ಷಿ ಮುಂಡಾಸಿನ ಹರಿವಾಣ ಹಿಡಿದು ಪಕ್ಕದಲ್ಲಿದ್ದಳು.

"ಅಮ್ಮಾ, ನಿಮ್ಮ ಮೊಮ್ಮಗ ದೀಪೇಶನ ಮದುವೆ ಇವತ್ತು. ಕೂಳೂರಿನ ಹುಡುಗಿ, ಜ್ಯೋತ್ಸ್ನಾ. ನೀವೆಲ್ಲ ಎದುರು ನಿಂತು ನಡೆಸಿಕೊಡಬೇಕು" ಎಂದ. ಕ್ರಮದ ಮಾತು ಅಲ್ಲಿಗೆ ಮುಗಿಯಿತು. ತೀರ್ಥ ಬಿಡಲು ಯಾರೋ ತಂಬಿಗೆ ಎತ್ತಿದರು. ಗುರುವಪ್ಪ ಕೈ ಇಳಿಸಲಿಲ್ಲ.

"ಇನ್ನೊಂದು ಹೇಳಲಿಕ್ಕುಂಟು ಅಮ್ಮ" ಎಂದ. "ಮಗು ಬಿದ್ದದ್ದರಿಂದ ಹೋದದ್ದಲ್ಲ. ಮೊದಲೇ ತಲೆಯಲ್ಲಿ ಕಾಯಿಲೆ ಇತ್ತು. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ನಳಿನಾಕ್ಷಿಯ ತಪ್ಪು ಏನೂ ಇಲ್ಲ."

ಹತ್ತಿರ ನಿಂತ ನಾಲ್ಕು ಜನ ಕೇಳಿದರು, ಹಿಂದಿದ್ದವರು ಏನಂತೆ ಏನಂತೆ ಎಂದರು. ತಂಬಿಗೆ ಹಿಡಿದವರು ಅದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತರು. ಗುರುವಪ್ಪ ತಲೆ ತಗ್ಗಿಸಿದ. ಆಗ ಎಂಟು ದಿನದ ಮೇಲೆ ನಳಿನಾಕ್ಷಿ ಅವನ ಹತ್ತಿರ ಮಾತಾಡಿದಳು.

"ಸ್ವಲ್ಪ ಜೋರು ಹೇಳಿ. ಅತ್ತೆಗೆ ಕಿವಿ ಕೇಳ್ತಿರಲಿಲ್ಲ."

ಗುರುವಪ್ಪ ಇನ್ನೊಮ್ಮೆ ಹೇಳಿದ. ಈ ಸಲ ಅಂಗಳದಲ್ಲಿ ಇದ್ದವರಿಗೆಲ್ಲ ಕೇಳಿತು. ದೇಯಿಯ ಬಾಯಿಂದ ಎಣ್ಣೆ ಕೈಯ ಕತೆ ಕೇಳಿ, ನಂಬಿ, ಮುಂದಕ್ಕೆ ದಾಟಿಸಿದ ಮುದುಕಿಯರು ಇಬ್ಬರು ಅಲ್ಲಿದ್ದರು. ಒಬ್ಬರು ಸೆರಗು ಬಾಯಿಗೆ ತಂದುಕೊಂಡರು. ಲೀಲಾಧರ ನೆಲ ನೋಡುತ್ತಿದ್ದರು.

"ಇನ್ನೂ ಜೋರು" ಎಂದಳು ನಳಿನಾಕ್ಷಿ.

"ಅವಳಲ್ಲ ಅಮ್ಮಾ!" ಎಂದು ಗುರುವಪ್ಪ ಕೂಗಿದ. ಅರುವತ್ತೇಳು ವರ್ಷದ ಮನುಷ್ಯ, ಹಟ್ಟಿಯಿಂದ ತಾಯಿಯನ್ನು ಕರೆಯುವ ಮಗುವಿನ ಹಾಗೆ ಕೂಗಿದ. "ಅವಳ ಕೈಯಲ್ಲ! ನನಗೆ ಗೊತ್ತಿತ್ತು ಅಮ್ಮಾ! ನನಗೆ ಗೊತ್ತಿತ್ತು!"

ಎದುರು ಮನೆಯವರು ಗೇಟಿಗೆ ಬಂದು ನಿಂತರು. ನಿರೀಕ್ಷಾ ಬಂದು ತಾಯಿಯ ಕೈಯಿಂದ ಹರಿವಾಣ ತೆಗೆದುಕೊಂಡಳು. ನಳಿನಾಕ್ಷಿ ಆ ಖಾಲಿ ಕೈಗಳನ್ನು ಹಿಂದೆಮುಂದೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಬಾಳೆಯೆಲೆಯ ಎದುರು ಕೂತು, ಮಗ ಹೋಗಿ ಮೂವತ್ತು ವರ್ಷದ ಮೇಲೆ, ಹೆತ್ತವಳು ಅಳುವ ಹಾಗೆ ಅತ್ತಳು.